ಕಡಲ ದಾರಿಗೆ ಅವಸರ ಬೇಡ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಒಂದೇ ದಿನದಲ್ಲಿ ಮುಟ್ಟಬಹುದು, ನಿಜ. ಆದರೆ ನೋಡಲೆಂದೇ ಹೊರಟವರು ಎರಡು ದಿನವಾದರೂ ಇಟ್ಟುಕೊಳ್ಳಿ.

ದಕ್ಷಿಣದಿಂದ ಉತ್ತರಕ್ಕೆ ಹೋಗುವುದು ಒಳ್ಳೆಯದು. ಕಡಲು ನಿಮ್ಮ ಎಡಕ್ಕೇ ಇರುತ್ತದೆ. ಎದುರು ಬರುವ ವಾಹನಗಳನ್ನು ದಾಟದೆಯೇ ಬದಿಗೆ ಸರಿದು ನಿಲ್ಲಬಹುದು. ಮೊದಲ ದಿನ ಕಾಪುವಿನಲ್ಲಿ 1901ರ ದೀಪಸ್ತಂಭ ನೋಡಿ, ಉಡುಪಿಯಲ್ಲಿ ಊಟ ಮುಗಿಸಿ, ಸಂಜೆಯ ಹೊತ್ತಿಗೆ ಮರವಂತೆ ಸೇರಿ. ಅಲ್ಲಿ ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಬೇರೆ ಯಾವ ಜಾಗ ಬಿಟ್ಟರೂ ಇದನ್ನು ಬಿಡಬೇಡಿ. ಮರುದಿನ ಮುರುಡೇಶ್ವರ, ಹೊನ್ನಾವರದ ಶರಾವತಿ ಸೇತುವೆ, ಗೋಕರ್ಣ ದಾರಿಯುದ್ದಕ್ಕೂ ಸಿಗುತ್ತವೆ. ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ ಬೇಡ.

ನವೆಂಬರ್‌ನಿಂದ ಫೆಬ್ರವರಿವರೆಗೆ ಹಿತವಾದ ಕಾಲ. ಮಳೆಗಾಲದ ಹಸಿರು ಸೆಳೆದರೂ ಎಚ್ಚರವಿರಲಿ: 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಜೋರು ಮಳೆಯ ಮುನ್ಸೂಚನೆಯಿದ್ದರೆ ಪ್ರಯಾಣ ಮುಂದೂಡಿ. ಮರವಂತೆಯಲ್ಲಿ ಫೋಟೋಗಾಗಿ ರಸ್ತೆ ಮಧ್ಯೆ ನಿಲ್ಲಬೇಡಿ, ಕಡಲಿಗೆ ಹಾಕಿದ ಬಂಡೆಗಳ ಮೇಲೆ ಇಳಿಯಬೇಡಿ. ಕತ್ತಲಾಗುವ ಮುನ್ನ ತಂಗುವ ಊರು ಸೇರಿಬಿಡಿ. ರಾತ್ರಿ ಓಡಿಸಿದರೆ ಕಡಲೂ ಕಾಣುವುದಿಲ್ಲ, ದಾರಿಗೆ ಅಡ್ಡ ಬರುವ ದನಗಳೂ ಕಾಣುವುದಿಲ್ಲ.