ಎರಡೇ ಸುತ್ತು ಗರಿ ಸಾಕು

ಇಂಗ್ಲೆಂಡಿನ ಯಾರ್ಕ್‌ಶೈರ್ ನದಿಗಳಲ್ಲಿ ಕಂದು ಟ್ರೌಟ್ ಹಿಡಿಯಲು ಸೆಪ್ಟೆಂಬರ್ 30ರವರೆಗೆ ಮಾತ್ರ ಅವಕಾಶ. ಆ ಕೊನೆಯ ವಾರಗಳಿಗೆಂದು ಗಾಳಕ್ಕೆ ದಾರ, ಗರಿ ಸುತ್ತಿ ಫ್ಲೈ ಕಟ್ಟಲು ಕೂತಿರುವವರಿಗೆ ನನ್ನದೊಂದು ಮಾತು: ಗರಿಯಲ್ಲಿ ಧಾರಾಳ ಬೇಡ.

ಈ ಸೀಮೆಯ ಹಳೆಯ ಫ್ಲೈಗಳನ್ನು ಟಿ. ಇ. ಪ್ರಿಟ್ 1885ರಲ್ಲೇ ಪುಸ್ತಕಕ್ಕಿಳಿಸಿದ್ದಾರೆ. ಅವುಗಳಲ್ಲಿ ಕಿತ್ತಳೆ ರೇಷ್ಮೆ ಮತ್ತು ಕೌಜುಗದ ಗರಿಯದ್ದೇ ನನಗೆ ಅಚ್ಚುಮೆಚ್ಚು. 14 ಅಥವಾ 16ನೇ ನಂಬರಿನ ಗಾಳ ತೆಗೆದುಕೊಳ್ಳಿ. ದಾರವನ್ನು ಒತ್ತಾಗಿ, ತೆಳ್ಳಗೆ ಸುತ್ತುತ್ತಾ ಹೋಗಿ ಗಾಳದ ಬಾಗು ಶುರುವಾಗುವ ಮೊದಲೇ ನಿಲ್ಲಿಸಿ. ಒಣಗಿದ್ದಾಗ ಕಣ್ಣಿಗೆ ಹೊಡೆಯುವ ಆ ಕಿತ್ತಳೆ ಬಣ್ಣ ಕಂಡು ಗಾಬರಿಯಾಗಬೇಡಿ. ಒಂದು ಹನಿ ನೀರು ಬಿಟ್ಟು ನೋಡಿ, ಗಾಢ ಕಂದಾಗುತ್ತದೆ. ಮೀನು ನೋಡುವುದು ಆ ಬಣ್ಣವನ್ನು.

ಇನ್ನು ಗರಿ. ಬುಡದ ನಯವಾದ ತುಪ್ಪಳವನ್ನು ಕಿತ್ತುಹಾಕಿ. ತುದಿಯನ್ನು ಹಿಡಿದು ಉಳಿದ ಎಳೆಗಳನ್ನು ಹಿಂದಕ್ಕೆ ಸವರಿ, ತುದಿಯನ್ನೇ ಗಾಳದ ಕಣ್ಣಿನ ಹಿಂದೆ ಕಟ್ಟಿ. ಒಂದೂವರೆ, ಹೆಚ್ಚೆಂದರೆ ಎರಡು ಸುತ್ತು. ಎಳೆಗಳು ಗಾಳದ ಬಾಗಿನವರೆಗೆ ಬಂದರೆ ಸಾಕು. ಬೆಳಕಿಗೆ ಹಿಡಿದಾಗ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣಬೇಕು. ದಟ್ಟವಾದರೆ ನೀರಲ್ಲಿ ಅದು ಅಲುಗುವುದೇ ಇಲ್ಲ, ಅಲುಗದ ಹುಳ ಟ್ರೌಟ್‌ಗೆ ಬೇಕಿಲ್ಲ.

ಹೊಳೆಗೆ ಅಡ್ಡಲಾಗಿ, ತುಸು ಕೆಳಮುಖವಾಗಿ ಎಸೆದು ಹರಿವಿಗೆ ಬಿಟ್ಟುಬಿಡಿ. ದಾರ ಬಿಗಿಯಾಗುತ್ತಾ ಫ್ಲೈ ಮೇಲೇಳುವ ಗಳಿಗೆಯಲ್ಲೇ ಮೀನು ಕಚ್ಚುವುದು ಹೆಚ್ಚು, ಆಗ ಕೋಲನ್ನು ಜಗ್ಗಬೇಡಿ. ಕಟ್ಟಿದ್ದು ಮಿಕ್ಕರೆ ಜೋಪಾನವಾಗಿಡಿ: ಅಕ್ಟೋಬರಿನಲ್ಲಿ ಗ್ರೇಲಿಂಗ್ ಮೀನಿಗೂ ಇದೇ ಫ್ಲೈ ಆಗುತ್ತದೆ.