ಕತ್ತು ಉದ್ದವಾದದ್ದು ಯಾಕೆ

ಪುಟ್ಟೀ, ಮೇಷ್ಟ್ರು ನಿನ್ನ ಚಿತ್ರ ನೋಡಿ ಕತ್ತು ಉದ್ದವಾಯ್ತು ಅಂದರಂತೆ, ನೀನು ‘ಅದು ನನ್ನ ಸ್ಟೈಲು ಸಾರ್’ ಅಂದೆಯಂತೆ. ನೀನು ಬಸ್ಸಿಳಿದು ಬ್ಯಾಡರಹಳ್ಳಿ ಮನೆ ಸೇರುವಷ್ಟರಲ್ಲಿ ನಿಮ್ಮಮ್ಮ ಫೋನಿನಲ್ಲಿ ಎಲ್ಲ ಒಪ್ಪಿಸಿಬಿಟ್ಟಳು. ಬೈಯಲ್ಲ, ಕೂತುಕೋ.

ಈ ತಾತ ಕಟೌಟ್ ಬರೆದು ಬದುಕಿದವನು. ಕೆ.ಜಿ. ರಸ್ತೆಯ ಥಿಯೇಟರಿನ ಮುಂದೆ ನಿಲ್ಲಿಸುವ 40 ಅಡಿ ರಾಜಕುಮಾರ್‌ಗೆ ನಾವು ತಲೆಯನ್ನು ಲೆಕ್ಕಕ್ಕಿಂತ ದೊಡ್ಡದಾಗಿಯೇ ಬರೆಯುತ್ತಿದ್ದೆವು. ನೆಲದ ಮೇಲೆ ಮಲಗಿಸಿ ನೋಡಿದರೆ ವಿಕಾರ. ಎತ್ತಿ ನಿಲ್ಲಿಸಿ ಫುಟ್‌ಪಾತಿನಿಂದ ನೋಡಿದರೆ ಅಣ್ಣಾವ್ರೇ. ಅಳತೆ ತಪ್ಪಿಸುತ್ತಿದ್ದೆವು ನಿಜ, ಎಷ್ಟು ತಪ್ಪಿಸಿದ್ದೇವೆ ಅನ್ನುವುದಕ್ಕೂ ಲೆಕ್ಕ ಇತ್ತು.

ಹೀಗೆ ಬೇಕೆಂತಲೇ ಅಳತೆ ತಪ್ಪಿಸಿದ ಚಿತ್ರಗಾರ ಇಟಲಿಯಲ್ಲೂ ಒಬ್ಬನಿದ್ದ, ಪಾರ್ಮಿಜಿಯಾನಿನೊ ಅಂತ. ‘ಉದ್ದ ಕತ್ತಿನ ಮಡೋನಾ’ ಅವನದೇ. 1534ರಲ್ಲಿ ಹಿಡಿದ ಕೆಲಸ, 1540ರಲ್ಲಿ ಸಾಯುವಾಗಲೂ ಮುಗಿದಿರಲಿಲ್ಲ. ತಾಯಿ ಮೇರಿಯ ಕತ್ತು ಹಂಸದ್ದು, ಬೆರಳುಗಳು ಮುಗಿಯುವುದೇ ಇಲ್ಲ, ಮಡಿಲಿನ ಕೂಸು ಜಾರಿ ಬೀಳುತ್ತೇನೋ ಅನ್ನಿಸುತ್ತೆ. ಎಡಗಡೆ ದೇವತೆಗಳ ನೂಕುನುಗ್ಗಲು. ಬಲಗಡೆ ಖಾಲಿ, ಅಲ್ಲೊಂದು ಕಂಬದ ಬುಡದಲ್ಲಿ ಬೆರಳುದ್ದದ ಸಂತ. ಬರೆಯಲು ಬಾರದವನು ಹೀಗೆ ಬರೆದ ಅಂದುಕೊಂಡೆಯಾ? 1527ರಲ್ಲಿ ಸೈನಿಕರು ರೋಮ್ ಲೂಟಿ ಮಾಡುತ್ತಾ ಇವನ ಮನೆಗೆ ನುಗ್ಗಿದವರು, ಇವನು ಬರೆಯುತ್ತಿದ್ದ ಚಿತ್ರ ನೋಡಿ ಬೆರಗಾಗಿ ಅವನ ಪಾಡಿಗೆ ಬಿಟ್ಟರು ಅಂತ ಚಿತ್ರಗಾರರ ಜೀವನಕಥೆ ಬರೆದ ವಸಾರಿ ಬರೆದಿಟ್ಟಿದ್ದಾನೆ.

ಪಾರ್ಮಿಜಿಯಾನಿನೊ ಮತ್ತು ಅವನ ಕಾಲದ ಹುಡುಗರ ಕಷ್ಟ ನನಗೆ ಅರ್ಥವಾಗುತ್ತೆ. ರಫೇಲ್ 1520ರಲ್ಲಿ ತೀರಿಕೊಂಡ. ಸರಿಯಾಗಿ ಬರೆಯುವುದನ್ನೆಲ್ಲ ದೊಡ್ಡವರು ಬರೆದು ಮುಗಿಸಿದ್ದರು. ಆಮೇಲೆ ಬಂದವರಿಗೆ ಉಳಿದದ್ದೇನು? ಪೊಂಟೊರ್ಮೊ ಕ್ರಿಸ್ತನನ್ನು ಶಿಲುಬೆಯಿಂದ ಇಳಿಸಿದ ಚಿತ್ರ ಬರೆದ, ಶಿಲುಬೆಯನ್ನೇ ಬರೆಯಲಿಲ್ಲ! ಗುಲಾಬಿ, ತಿಳಿನೀಲಿ ಬಟ್ಟೆಯ ಜನ, ತೂಕವೇ ಇಲ್ಲದವರ ಹಾಗೆ ತುದಿಗಾಲಲ್ಲಿ. ವಸಾರಿಯ ಬಾಯಲ್ಲಿ ‘ಮನಿಯೆರಾ’ ಅಂದರೆ ಶೈಲಿ, ಹೊಗಳಿಕೆಯ ಮಾತು. ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ಬೈಗುಳವಾಯ್ತು. ಮತ್ತೆ ಮರ್ಯಾದೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಪಂಡಿತರ ಕಾಟ ನಮಗೊಬ್ಬರಿಗೇ ಅಲ್ಲ.

ಆ ಮಡೋನಾ ಬರೆಯುತ್ತಿದ್ದ ಕಾಲಕ್ಕೇ, ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ, ನಮ್ಮ ಗಡಿಯಾಚೆಯ ಲೇಪಾಕ್ಷಿಯಲ್ಲಿ ವಿರೂಪಣ್ಣ ವೀರಭದ್ರನ ಗುಡಿ ಕಟ್ಟಿಸುತ್ತಿದ್ದ. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ; ನೆಂಟಸ್ತನ ಹುಡುಕಬೇಡ. ಆದರೆ ಆ ಗುಡಿಯ ಚಾವಣಿಯಲ್ಲಿ ಬರೆದಿರುವ ಜನರನ್ನು ನೋಡು. ಪಕ್ಕಕ್ಕೆ ತಿರುಗಿದ ಮುಖ, ಚೂಪು ಮೂಗು, ಎತ್ತರದ ಕುಲ್ಲಾಯಿ, ಮುಳ್ಳಿನ ಹಾಗೆ ಚಾಚಿದ ಸೆರಗಿನ ತುದಿ. ಬೀದಿಯಲ್ಲಿ ಅಂಥವರು ಯಾರೂ ಓಡಾಡಿರಲಿಕ್ಕಿಲ್ಲ. ಆದರೂ ಒಂದು ಗೆರೆಯೂ ತಡವರಿಸಿಲ್ಲ.

ನಿನ್ನ ಗೆರೆ ತಡವರಿಸಿದೆ, ಪುಟ್ಟಿ. ಗದ್ದದ ಕೆಳಗೆ ಮೂರು ಸಲ ರಬ್ಬರ್ ಉಜ್ಜಿದ್ದೀಯ, ಕಾಗದವೇ ಹೇಳುತ್ತೆ. ಹೋಗಿ ಸರಿ ಅಳತೆಯ ಕತ್ತೊಂದು ಬರಿ, ಅದರ ಪಕ್ಕದಲ್ಲಿ ಬೇಕಾದಷ್ಟು ಎಳೆ. ಎರಡನ್ನೂ ಒಟ್ಟಿಗೆ ಮೇಷ್ಟ್ರ ಮುಂದಿಡು. ಭಾನುವಾರ ಲೇಪಾಕ್ಷಿಗೆ ಹೊರಡೋಣ. ಕೈಗನ್ನಡಿ ಮರೆಯಬೇಡ, ಚಾವಣಿಯನ್ನು ಬಗ್ಗಿಯೇ ನೋಡಬಹುದು, ನಿನ್ನ ಕತ್ತಂತೂ ಉದ್ದವಾಗಲ್ಲ.