ಸಮನ್ಸು ಹೆಬ್ಬಾಳಕ್ಕೆ ಬರುವ ದಾರಿ

ಮಗೂ, ಅಮೆರಿಕದಲ್ಲಿ ಕೆಲಸದ ಜಾಗದಲ್ಲಿ ನಿನಗಾದ ತಾರತಮ್ಯಕ್ಕೆ ದಾವೆ ಹೂಡಿದ್ದೀಯ, ಒಳ್ಳೆಯದೇ ಮಾಡಿದೆ. ಆದರೆ ಪ್ರತಿವಾದಿ ಕಂಪನಿ ಇರುವುದು ಇಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ. ಅಲ್ಲಿನ ಕೋರ್ಟಿನ ಕಣ್ಣಿಗೆ ಅದು ವಿದೇಶಿ ಕಂಪನಿ. ಇಲ್ಲಿನ ಕಂಪನಿಯ ಮೇಲೆ ಅಲ್ಲಿ ದಾವೆ ಹೂಡುವುದೇನೂ ಹೊಸತಲ್ಲ; 2013ರಲ್ಲೇ ವಿಸ್ಕಾನ್ಸಿನ್‌ನ ಫೆಡರಲ್ ಕೋರ್ಟಿನಲ್ಲಿ ಇನ್ಫೋಸಿಸ್ ಮೇಲೆ ನೇಮಕಾತಿ ತಾರತಮ್ಯದ ಆರೋಪ ಹೊರಿಸಿ ದಾವೆ ಹೂಡಿದ್ದರು.

ಸಮನ್ಸನ್ನು ಕೊರಿಯರ್ ಮಾಡಿದರಾಯ್ತು, ಇಲ್ಲವೇ ಯಲಹಂಕದ ತಮ್ಮನ ಕೈಲಿ ಕೊಡಿಸಿದರಾಯ್ತು ಅಂದೆಯಲ್ಲ, ಹಾಗೆ ಮಾತ್ರ ಮಾಡಬೇಡ. ವಿದೇಶದಲ್ಲಿ ಸಮನ್ಸು ಜಾರಿ ಮಾಡುವ ಬಗೆಗಿನ 1965ರ ಹೇಗ್ ಒಪ್ಪಂದ ಭಾರತಕ್ಕೆ 2007ರ ಆಗಸ್ಟ್ 1ರಿಂದ ಅನ್ವಯಿಸುತ್ತದೆ. ಅಂಚೆಯಲ್ಲಿ ನೇರವಾಗಿ ಕಳಿಸಲು ಅವಕಾಶ ಕೊಡುವ ಅದರ 10ನೇ ವಿಧಿಗೆ ನಮ್ಮ ಸರ್ಕಾರ ಸೇರುವಾಗಲೇ ಆಕ್ಷೇಪ ಹಾಕಿದೆ.

ಮೊದಲು ಆ ಕಂಪನಿಗೆ ಅಮೆರಿಕದಲ್ಲೇ ನೋಟಿಸು ಪಡೆಯುವ ಏಜೆಂಟ್ ಇದ್ದಾರೆಯೇ ನೋಡು. ಇದ್ದರೆ ಅಲ್ಲೇ ಕೊಡಿಸು, ಹೇಗ್ ಒಪ್ಪಂದದ ಗೊಡವೆಯೇ ಇಲ್ಲ. 1988ರ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಇಲ್ಲದಿದ್ದರೆ ದೆಹಲಿಯ ಕಾನೂನು ಸಚಿವಾಲಯಕ್ಕೆ ನಿಗದಿತ ನಮೂನೆಯಲ್ಲಿ, ಇಂಗ್ಲಿಷಿನಲ್ಲಿ, ಎರಡು ಪ್ರತಿ ಕಳಿಸಬೇಕು. ಅಲ್ಲಿಂದ ಅದು ಇಲ್ಲಿನ ಕೋರ್ಟಿಗೆ ಬಂದು, ಅಮೀನ ಹೋಗಿ ಜಾರಿ ಮಾಡುತ್ತಾನೆ.

ವಿಳಾಸದ ವಿಷಯದಲ್ಲಿ ಜೋಪಾನ. ಹೆಬ್ಬಾಳ ಅಂದರೆ ಕೆಂಪಾಪುರವೂ ಹೌದು, ಭೂಪಸಂದ್ರವೂ ಹೌದು. ಟೆಕ್ ಪಾರ್ಕಿನ ಹೆಸರೊಂದೇ ಬರೆದರೆ ಅಮೀನ ಸೆಕ್ಯುರಿಟಿ ಗೇಟಿನಿಂದಲೇ ವಾಪಸ್ಸು. ಬ್ಲಾಕು, ಮಹಡಿ, ಪಿನ್‌ಕೋಡ್, ಕಂಪನಿ ನೋಂದಣಿಯಲ್ಲಿರುವ ಪೂರ್ತಿ ಹೆಸರು, ಕೊನೆಯ ‘ಪ್ರೈವೇಟ್ ಲಿಮಿಟೆಡ್’ ಕೂಡ, ಬಿಡದೆ ಬರಿ. ನೇಮಕಾತಿ ಪತ್ರದ ಮೇಲಿನ ಬ್ರ್ಯಾಂಡ್ ಹೆಸರನ್ನು ನೆಚ್ಚಿಕೊಳ್ಳಬೇಡ.

ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ, ಎದೆಗುಂದಬೇಡ. ಅಲ್ಲಿನ 90 ದಿನಗಳ ಜಾರಿ ಗಡುವು ವಿದೇಶಕ್ಕೆ ಅನ್ವಯಿಸದು. ಹಾಗಂತ ಕೈಕಟ್ಟಿ ಕೂತರೆ ನ್ಯಾಯಾಧೀಶರು ಸಹಿಸುವುದಿಲ್ಲ. ನೀನು ಮಾಡಿದ ಪ್ರಯತ್ನಕ್ಕೆಲ್ಲ ದಾಖಲೆ ಇರಲಿ. ಕಳಿಸಿ 6 ತಿಂಗಳಾದರೂ ಸಮನ್ಸು ಜಾರಿಯಾಯ್ತೆಂಬ ಪ್ರಮಾಣಪತ್ರ ಇಲ್ಲಿಂದ ಬಾರದಿದ್ದರೆ, ಆ ದಾಖಲೆ ನೋಡಿಯೇ ಅವರು ಮುಂದುವರಿಯಬಹುದು.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಅಮೆರಿಕದ ತೀರ್ಪು ಇಲ್ಲಿ ನೇರವಾಗಿ ಅಮಲಿಗೆ ಬರುವುದಿಲ್ಲ. ಅದನ್ನು ಹಿಡಿದು ನೀನು ಇಲ್ಲಿ ಮತ್ತೊಂದು ದಾವೆ ಹೂಡಬೇಕು. ಆಗ ಕಂಪನಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮನ್ನು ಮುಂದಿಟ್ಟು, ‘ನಮಗೆ ಸಮನ್ಸೇ ಬಂದಿರಲಿಲ್ಲ, ಸಹಜ ನ್ಯಾಯ ಸಿಗಲಿಲ್ಲ’ ಅನ್ನುತ್ತದೆ. ಆ ಮಾತಿಗೆ ನಿನ್ನ ಉತ್ತರ ಸಮನ್ಸು ಜಾರಿಯಾದ ಆ ಪ್ರಮಾಣಪತ್ರ. ಅದು ಬಂದ ಕೂಡಲೇ ಮೂಲಪ್ರತಿ ಅಲ್ಲಿನ ಕೋರ್ಟಿನ ಕಡತಕ್ಕೆ ಸೇರುವಂತೆ ನೋಡಿಕೊಳ್ಳಲು ನಿನ್ನ ವಕೀಲರಿಗೆ ಈ ವಾರವೇ ಹೇಳು.